ಡೂನ್ ಕಣಿವೆಯ ಒರತೆಗಳು

ಒಂದು ಊರಿನ ಮೂಲವನ್ನು ತಿಳಿಯಬೇಕಾದವರು ಅಲ್ಲಿಯ ಕೋಟೆಯನ್ನು ನೋಡುವುದಕ್ಕೆ ಮೊದಲು ಅಲ್ಲಿಯ ನೀರಿನ ನೆಲೆಯನ್ನು ಹುಡುಕಬೇಕು. ಬಾವಿ, ಕೆರೆ, ಹಳ್ಳ, ಒರತೆ ಇವುಗಳಲ್ಲಿ ಯಾವುದೊಂದರ ಆಸರೆಯೂ ಇಲ್ಲದೆ ನಾಲ್ಕು ಮನೆಗಳು ಕೂಡಿ ಊರಾಗುವುದು ಸಾಧ್ಯವಿಲ್ಲ. ಆದರೂ ಅರಸರ ಯುದ್ಧಗಳನ್ನೂ ರಾಜ್ಯಗಳ ಏಳುಬೀಳುಗಳನ್ನೂ ವಿಸ್ತಾರವಾಗಿ ಬರೆದಿಟ್ಟ ಇತಿಹಾಸ ಗ್ರಂಥಗಳಲ್ಲಿ, ಕುಡಿಯುವ ನೀರಿನ ಉಳಿವಿಗಾಗಿ ಸಾಮಾನ್ಯ ಜನರು ಪಟ್ಟ ಶ್ರಮಕ್ಕೆ ದೊರೆತಿರುವ ಸ್ಥಳ ಅತ್ಯಲ್ಪ. ಈ ಕೊರತೆಯನ್ನು ಸ್ವಲ್ಪಮಟ್ಟಿಗಾದರೂ ತುಂಬುವ ಉದ್ದೇಶದಿಂದ, ಹಿಮಾಲಯದ ತಪ್ಪಲಿನ ಡೂನ್ ಕಣಿವೆಯಲ್ಲಿ ಇಪ್ಪತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ನಡೆದ ಒಂದು ಹೋರಾಟದ ವೃತ್ತಾಂತವನ್ನು ವಾಚಕರ ಮುಂದಿಡಲಾಗಿದೆ. ಅದು ನಮ್ಮಿಂದ ಬಹು ದೂರದ ನಾಡು ನಿಜ. ಆದರೆ ಅಲ್ಲಿ ಎದ್ದ ಪ್ರಶ್ನೆ ಪ್ರತಿಯೊಂದು ಊರಿನ ಬಾವಿಕಟ್ಟೆಯ ಮೇಲೂ ಏಳಬಹುದಾದ ಪ್ರಶ್ನೆ.

ಕಣಿವೆಯ ನೆಲ, ಜಲ

ಉತ್ತರದಲ್ಲಿ ಮಸ್ಸೂರಿಯ ಬೆಟ್ಟಸಾಲು, ದಕ್ಷಿಣದಲ್ಲಿ ಶಿವಾಲಿಕ ಗುಡ್ಡಗಳು, ಪೂರ್ವದ ಅಂಚಿನಲ್ಲಿ ಗಂಗೆ, ಪಶ್ಚಿಮದ ಅಂಚಿನಲ್ಲಿ ಯಮುನೆ: ಈ ನಾಲ್ಕು ಎಲ್ಲೆಗಳ ನಡುವೆ ಹಬ್ಬಿರುವ ನೆಲವೇ ಡೂನ್ ಕಣಿವೆ. ಅದರ ನಡುವೆ ಡೆಹರಾಡೂನ್ ನಗರವಿದೆ. ಕಣಿವೆಯ ಪಶ್ಚಿಮ ಭಾಗದ ನೀರನ್ನು ಆಸನ್ ಹೊಳೆ ಯಮುನೆಗೆ ಒಯ್ದರೆ, ಪೂರ್ವ ಭಾಗದ ನೀರನ್ನು ಸಾಂಗ್ ಮತ್ತು ಸುಸ್ವಾ ಹೊಳೆಗಳು ಗಂಗೆಗೆ ಒಯ್ಯುತ್ತವೆ. ರಿಸ್ಪನಾ ಮತ್ತು ಬಿಂದಾಲ್ ಎಂಬ ತೊರೆಗಳು ಉತ್ತರದ ಬೆಟ್ಟಗಳ ಕಡೆಯಿಂದ ಇಳಿದು ನಗರದೊಳಗೇ ಹಾದುಹೋಗುತ್ತವೆ. ಇಲ್ಲಿ ವರ್ಷಕ್ಕೆ ಸುಮಾರು 2000 ಮಿಲಿಮೀಟರಿನಷ್ಟು ಮಳೆ ಸುರಿಯುತ್ತದೆ. ಆದರೆ ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳುಗಳಲ್ಲಿಯೇ ಬಿದ್ದುಹೋಗುತ್ತದೆ. ಉಳಿದ ಎಂಟು ತಿಂಗಳು ಕಣಿವೆಯ ಜನ ಬದುಕಬೇಕಾದದ್ದು ಬೆಟ್ಟದ ಬುಡದಲ್ಲಿ ಜಿನುಗುವ ಒರತೆಗಳನ್ನೂ ಅವುಗಳಿಂದ ಹುಟ್ಟಿದ ತೊರೆಗಳನ್ನೂ ನಂಬಿಕೊಂಡು.

ಈ ನಂಬಿಕೆಗೆ ದೀರ್ಘವಾದ ಇತಿಹಾಸವಿದೆ. ಗುರು ರಾಮರಾಯರು 1676ರಲ್ಲಿ ಇಲ್ಲಿಗೆ ಬಂದು ಡೇರೆ ಹಾಕಿದ್ದರಿಂದ ಊರಿಗೆ ಆ ಹೆಸರು ಬಂದಿತೆಂದು ಹೇಳುತ್ತಾರೆ. ರಿಸ್ಪನಾ ತೊರೆಯ ನೀರನ್ನು ಊರಿನ ಕಡೆಗೆ ತಿರುಗಿಸಿದ ರಾಜಪುರದ ಕಾಲುವೆಯನ್ನು ಅದೇ ಶತಮಾನದಲ್ಲಿ ಗಢವಾಲದ ರಾಣಿ ಕರ್ಣಾವತಿ ಕಟ್ಟಿಸಿದಳೆಂಬುದು ಸ್ಥಳೀಯರ ನಂಬಿಕೆ. ಡೂನಿನ ಬಾಸುಮತಿ ಅಕ್ಕಿ, ಲಿಚಿ ಹಣ್ಣು, ಚಹದ ತೋಟಗಳು ಹೆಸರಾದದ್ದು ಈ ನೀರಿನ ಬಲದಿಂದಲೇ.

ನೀರಿನ ಬೆಲೆಯನ್ನು ಈ ಕಣಿವೆ ಇನ್ನೊಂದು ಸಂದರ್ಭದಲ್ಲಿ ಅತಿ ಕಠೋರವಾಗಿ ಕಂಡಿತು. 1814ರ ಅಕ್ಟೋಬರ್ ಕೊನೆಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಗೂರ್ಖರ ವಶದಲ್ಲಿದ್ದ ನಾಲಾಪಾನಿಯ ಖಲಂಗಾ ಕೋಟೆಯನ್ನು ಮುತ್ತಿತು. ಬಲಭದ್ರನೆಂಬ ನಾಯಕನು ಸುಮಾರು 600 ಮಂದಿಯೊಡನೆ ಕೋಟೆಯನ್ನು ಕಾದುಕೊಂಡಿದ್ದನು. ಅವರಲ್ಲಿ ಹೆಂಗಸರೂ ಮಕ್ಕಳೂ ಇದ್ದರು. ಮೊದಲ ದಾಳಿಯಲ್ಲಿಯೇ ಕಂಪನಿಯ ಸೇನಾಪತಿ ಜಿಲೆಸ್ಪಿ ಮಡಿದನು. ನವೆಂಬರಿನ ಎರಡನೆಯ ದಾಳಿಯೂ ವಿಫಲವಾಯಿತು. ಕತ್ತಿ, ಬಂದೂಕುಗಳಿಂದ ಆಗದ ಕಾರ್ಯವನ್ನು ಕೊನೆಗೆ ಬಾಯಾರಿಕೆ ಮಾಡಿತು. ಕೋಟೆಯ ಹೊರಗಿದ್ದ ಒರತೆಯಿಂದ ಒಳಗೆ ನೀರು ಹೋಗದಂತೆ ಮುತ್ತಿಗೆ ಹಾಕಿದವರು ತಡೆದರು. ನವೆಂಬರ್ 30ರಂದು ಬಲಭದ್ರನು ಉಳಿದಿದ್ದ ಸುಮಾರು 70 ಮಂದಿಯೊಡನೆ ಕೋಟೆಯನ್ನು ತೊರೆದು ಹೊರಟನು. ತಮ್ಮ ಸೇನಾಪತಿಯ ನೆನಪಿಗೆಂದು ಆಂಗ್ಲರು ನಿಲ್ಲಿಸಿದ ಸ್ಮಾರಕದ ಪಕ್ಕದಲ್ಲಿಯೇ ಈ ವೀರ ಎದುರಾಳಿಗೂ ಒಂದು ಸ್ಮಾರಕವನ್ನು ನಿಲ್ಲಿಸಿದರು. ಒರತೆಯನ್ನು ಹಿಡಿದವನ ಕೈಯಲ್ಲಿ ಕೋಟೆಯೂ ಇರುತ್ತದೆ ಎಂಬ ಪಾಠವನ್ನು ಈ ನೆಲ ಅಂದೇ ಕಲಿತಿತ್ತು.

ಸುಣ್ಣದ ಕಲ್ಲಿನ ಗುಣ

ಮಸ್ಸೂರಿಯ ಬೆಟ್ಟಗಳಲ್ಲಿ ಸುಣ್ಣದ ಕಲ್ಲಿನ ದೊಡ್ಡ ಪದರಗಳಿವೆ. ಹೊರನೋಟಕ್ಕೆ ಅದು ಬರೀ ಕಲ್ಲು. ಆದರೆ ಅದರ ಒಳಗನ್ನು ಬಲ್ಲವರಿಗೆ ಅದೊಂದು ಜಲಭಂಡಾರ. ಮಳೆಯ ನೀರು ಗಾಳಿಯಿಂದಲೂ ಮಣ್ಣಿನಿಂದಲೂ ಸ್ವಲ್ಪ ಆಮ್ಲದ ಗುಣವನ್ನು ಪಡೆದು ಇಂತಹ ಕಲ್ಲಿನ ಬಿರುಕುಗಳಲ್ಲಿ ಇಳಿಯುವಾಗ ಕಲ್ಲನ್ನು ಅತಿ ನಿಧಾನವಾಗಿ ಕರಗಿಸುತ್ತದೆ. ಸಹಸ್ರಾರು ವರ್ಷಗಳಲ್ಲಿ ಸಣ್ಣ ಬಿರುಕುಗಳು ದೊಡ್ಡ ಸೀಳುಗಳಾಗಿ, ಸೀಳುಗಳು ಪೊಟರೆಗಳಾಗಿ, ಬೆಟ್ಟದ ಹೊಟ್ಟೆಯೊಳಗೆ ನೀರು ನಿಲ್ಲುವ ಎಡೆಗಳು ಉಂಟಾಗುತ್ತವೆ. ಬೆಟ್ಟದ ಮೇಲಿನ ಬಾಂಜ್ ಮರಗಳ ಕಾಡು ಮಳೆಯ ರಭಸವನ್ನು ತಡೆಯುತ್ತದೆ. ಉದುರಿದ ಎಲೆ ಕೊಳೆತು ಮೆದುವಾದ ಮಣ್ಣು ನೀರನ್ನು ಹೀರುತ್ತದೆ. ಮಣ್ಣಿನಿಂದ ನೀರು ಕಲ್ಲಿಗಿಳಿಯುತ್ತದೆ. ನಾಲ್ಕು ತಿಂಗಳಲ್ಲಿ ಹೀಗೆ ಕೂಡಿಟ್ಟ ನೀರನ್ನು ಬೆಟ್ಟ ಎಂಟು ತಿಂಗಳ ಕಾಲ ಒರತೆಗಳ ಮೂಲಕ ಸ್ವಲ್ಪಸ್ವಲ್ಪವಾಗಿ ಹೊರಬಿಡುತ್ತದೆ. ಜಾಣೆಯಾದ ಗೃಹಿಣಿ ಸುಗ್ಗಿಯ ಕಾಳನ್ನು ಹಗೇವಿನಲ್ಲಿ ತುಂಬಿಸಿ ಮುಂದಿನ ಸುಗ್ಗಿಯವರೆಗೆ ಅಳೆದು ಕೊಡುವ ಹಾಗೆ ಬೆಟ್ಟದ ಈ ವ್ಯವಹಾರ.

ಇದೇ ಕಲ್ಲಿಗೆ ಪೇಟೆಯಲ್ಲಿ ಇನ್ನೊಂದು ಬೆಲೆಯಿತ್ತು. ಇಲ್ಲಿಯ ಸುಣ್ಣದ ಕಲ್ಲು ಬಹಳ ಶುದ್ಧವಾದುದೆಂದು ಹೆಸರುವಾಸಿಯಾಗಿತ್ತು. ಉಕ್ಕಿನ ಕಾರ್ಖಾನೆ, ಸಕ್ಕರೆ ಕಾರ್ಖಾನೆ, ರಾಸಾಯನಿಕ ಉದ್ಯಮ ಮೊದಲಾದವುಗಳಿಗೆ ಅದು ಬೇಕಾಗಿತ್ತು. ಸ್ವಾತಂತ್ರ್ಯಾನಂತರದ ಕೈಗಾರಿಕಾ ಬೆಳವಣಿಗೆಯ ಕಾಲದಲ್ಲಿ ಅದರ ಬೇಡಿಕೆ ಏರುತ್ತ ಹೋಯಿತು. 1961ರಲ್ಲಿ ಉತ್ತರ ಪ್ರದೇಶದ ಗಣಿ ಸಚಿವರು ಈ ಪ್ರದೇಶದ ಗಣಿಗಾರಿಕೆಯನ್ನು ನಿಷೇಧಿಸಿದ್ದರು. ಆದರೆ ಮರುವರ್ಷವೇ, ಅಂದರೆ 1962ರಲ್ಲಿ, ಅದೇ ರಾಜ್ಯದ ಸರ್ಕಾರ 20 ವರ್ಷಗಳ ಅವಧಿಯ ಅನೇಕ ಗುತ್ತಿಗೆಗಳನ್ನು ಕೊಟ್ಟಿತು. ಬೇಲಿಯೇ ಎದ್ದು ಹೊಲ ಮೇಯ್ದ ಗಾದೆ ಇಲ್ಲಿ ನೆನಪಾಗದಿರದು.

ಮುಂದಿನ ಎರಡು ದಶಕಗಳಲ್ಲಿ ನಡೆದುದನ್ನು ಊಹಿಸುವುದು ಕಷ್ಟವಲ್ಲ. ಕಡಿದಾದ ಇಳಿಜಾರುಗಳಲ್ಲಿ ಮದ್ದು ಸಿಡಿಸಿ ಕಲ್ಲೊಡೆದರು. ಮರಗಳನ್ನು ಕಡಿದು ಲಾರಿಗಳಿಗೆ ದಾರಿ ಮಾಡಿದರು. ಮಾರಾಟಕ್ಕೆ ಬಾರದ ಮಣ್ಣು, ಕಲ್ಲುಪುಡಿಗಳನ್ನು ಕೆಳಗಿನ ಕೊಳ್ಳಗಳಿಗೆ ತಳ್ಳಿದರು. ಮಳೆಗಾಲದಲ್ಲಿ ಈ ರಾಶಿ ತೊರೆಗಳಿಗೆ ಇಳಿದು ಅವುಗಳ ಪಾತ್ರವನ್ನು ತುಂಬಿತು. ಪಾತ್ರ ಮೇಲೇರಿದ ತೊರೆ ದಡ ಮೀರಿ ಗದ್ದೆಗಳ ಮೇಲೆ ಕಲ್ಲು ಮರಳನ್ನು ಹರಡಿತು. ಕಾಲುವೆಗಳು ಹೂಳಿನಿಂದ ಮುಚ್ಚಿದವು. ಬೇಸಗೆ ಬಂದಾಗ ಅದೇ ತೊರೆಯಲ್ಲಿ ಹನಿ ನೀರಿಲ್ಲ. ನೀರನ್ನು ಹಿಡಿದಿಡುತ್ತಿದ್ದ ಕಲ್ಲು ಲಾರಿಯೇರಿ ಹೋದ ಮೇಲೆ ಒರತೆ ಎಲ್ಲಿಂದ ಜಿನುಗೀತು? ದೂರದಿಂದ ನೋಡಿದವರಿಗೆ ಮಸ್ಸೂರಿಯ ಹಸಿರು ಬೆಟ್ಟಗಳ ಮೈಮೇಲೆ ಬಿಳಿಯ ಗಾಯಗಳು ಕಾಣತೊಡಗಿದವು.

ನಾಗರಿಕರ ದನಿ

ಮೊದಲು ಎಚ್ಚತ್ತವರು ಡೆಹರಾಡೂನ್ ಮತ್ತು ಮಸ್ಸೂರಿಯ ನಿವಾಸಿಗಳು. ಅರಣ್ಯ ಸಂಶೋಧನ ಸಂಸ್ಥೆ, ಭಾರತೀಯ ಸರ್ವೇಕ್ಷಣ ಇಲಾಖೆ, ಸೈನಿಕ ಅಕಾಡೆಮಿ, ಹೆಸರಾಂತ ಶಾಲೆಗಳು ಇವೆಲ್ಲ ಇರುವ ಈ ನಗರದಲ್ಲಿ ನಿವೃತ್ತ ಅಧಿಕಾರಿಗಳೂ ವಿದ್ಯಾವಂತರೂ ದೊಡ್ಡ ಸಂಖ್ಯೆಯಲ್ಲಿ ನೆಲಸಿದ್ದರು. 'ಫ್ರೆಂಡ್ಸ್ ಆಫ್ ದಿ ಡೂನ್', 'ಸೇವ್ ಮಸ್ಸೂರಿ' ಎಂಬ ಸಂಘಗಳನ್ನು ಕಟ್ಟಿಕೊಂಡು ಅವರು ಸರ್ಕಾರಕ್ಕೂ ಪತ್ರಿಕೆಗಳಿಗೂ ಬರೆಯತೊಡಗಿದರು. ಬೆಟ್ಟದ ಸೊಬಗು ಕೆಟ್ಟರೆ ಪ್ರವಾಸಿಗರು ಬರುವುದಿಲ್ಲವೆಂಬ ಚಿಂತೆ ಕೆಲವರಿಗಿತ್ತು. ನಲ್ಲಿಯ ನೀರು ಸೊರಗುತ್ತಿದೆಯೆಂಬ ಚಿಂತೆ ಕೆಲವರಿಗಿತ್ತು. ಅವರ ಉದ್ದೇಶಗಳಲ್ಲಿ ಸ್ವಹಿತವೂ ಬೆರೆತಿತ್ತೆಂದು ಟೀಕಿಸುವವರು ಇಲ್ಲದಿಲ್ಲ. ಆದರೆ ತನ್ನ ಮನೆಯ ಕೊಡ ಖಾಲಿಯಾದಾಗಲೇ ಮನುಷ್ಯ ಬಾವಿಯತ್ತ ನೋಡುವುದು ಲೋಕಸ್ವಭಾವ. ನೋಡಿದವನು ಬಾವಿಯನ್ನು ಎಲ್ಲರಿಗಾಗಿ ಉಳಿಸಲು ಮುಂದಾದರೆ ಅದರಲ್ಲಿ ದೋಷವಿಲ್ಲ.

ಆಗಿನ ಪ್ರಧಾನಮಂತ್ರಿ ಇಂದಿರಾ ಗಾಂಧಿಯವರು ಮಸ್ಸೂರಿ ಬೆಟ್ಟಗಳ ಸ್ಥಿತಿಯ ಬಗ್ಗೆ ಆಸಕ್ತಿ ವಹಿಸಿದ್ದರು. 1982ರಲ್ಲಿ ಮಾಜಿ ಸೈನಿಕರನ್ನು ಸೇರಿಸಿ ಗಿಡ ನೆಡುವ ಕೆಲಸಕ್ಕಾಗಿಯೇ ಪ್ರಾದೇಶಿಕ ಸೇನೆಯ ಒಂದು ಪರಿಸರ ಪಡೆಯನ್ನು ರಚಿಸಿ ಈ ಬೆಟ್ಟಗಳಲ್ಲಿ ನಿಲ್ಲಿಸಲಾಯಿತು. ಅನಂತರ ಕೇಂದ್ರದ ಪರಿಸರ ಇಲಾಖೆ ಕಣಿವೆಯ ಅಧ್ಯಯನವನ್ನು ಜಯಂತ ಬಂದ್ಯೋಪಾಧ್ಯಾಯ, ವಂದನಾ ಶಿವಾ ಮೊದಲಾದವರಿಗೆ ಒಪ್ಪಿಸಿತು. ಕನ್ನಡಿಗರಿಗೆ ಈ ಹೆಸರುಗಳು ಹೊಸವಲ್ಲ. ಬೆಂಗಳೂರಿನ ಭಾರತೀಯ ಆಡಳಿತ ನಿರ್ವಹಣ ಸಂಸ್ಥೆಯಲ್ಲಿದ್ದಾಗ, 1981ರಲ್ಲಿ, ಕೋಲಾರ ಜಿಲ್ಲೆಯ ರಾಗಿಯ ಹೊಲಗಳನ್ನು ನೀಲಗಿರಿ ಮರಗಳು ಆಕ್ರಮಿಸುತ್ತಿದ್ದುದನ್ನು ಅಧ್ಯಯನ ಮಾಡಿ ವರದಿ ಬರೆದವರಲ್ಲಿ ಇವರಿಬ್ಬರೂ ಇದ್ದರು. ಡೂನ್ ಕಣಿವೆಯ ಬಗೆಗೆ ಅವರು ಕಂಡುಕೊಂಡ ಸಾರಾಂಶವನ್ನು ಸರಳವಾಗಿ ಹೀಗೆ ಹೇಳಬಹುದು: ಸುಣ್ಣದ ಕಲ್ಲನ್ನು ಕಿತ್ತು ಮಾರಿದರೆ ಬರುವ ಹಣ ಒಂದು ಸಲ ಬರುವಂಥದು, ಕೆಲವರಿಗೆ ಬರುವಂಥದು. ಅದೇ ಕಲ್ಲು ಬೆಟ್ಟದಲ್ಲಿ ಉಳಿದರೆ ಕೊಡುವ ನೀರು ಪ್ರತಿವರ್ಷ ಬರುವಂಥದು, ಕಣಿವೆಗೆಲ್ಲ ಬರುವಂಥದು. ಲೆಕ್ಕದ ಪುಸ್ತಕದಲ್ಲಿ ಮೊದಲನೆಯದಕ್ಕೆ ಒಂದು ಕಾಲಂ ಇತ್ತು, ಎರಡನೆಯದಕ್ಕೆ ಇರಲಿಲ್ಲ.

ಒಂದು ಪತ್ರ

1962ರ ಗುತ್ತಿಗೆಗಳ ಅವಧಿ 1982ರಲ್ಲಿ ಮುಗಿಯಿತು. ಪರಿಸರಕ್ಕೆ ಹಾನಿಯಾಗುತ್ತಿದೆಯೆಂಬ ಕಾರಣದಿಂದ ರಾಜ್ಯ ಸರ್ಕಾರ ಅವುಗಳನ್ನು ನವೀಕರಿಸಲು ನಿರಾಕರಿಸಿತು. ಗುತ್ತಿಗೆದಾರರು ಅಲಹಾಬಾದಿನ ಉಚ್ಚ ನ್ಯಾಯಾಲಯದ ಮೊರೆಹೊಕ್ಕು ತಡೆಯಾಜ್ಞೆ ಪಡೆದು ಕೆಲಸ ಮುಂದುವರಿಸಿದರು. ಬಾಗಿಲು ಮುಚ್ಚಿದಂತೆ ಕಂಡರೂ ಕಲ್ಲು ಮಾತ್ರ ಹೋಗುತ್ತಲೇ ಇತ್ತು.

ಈ ಸಂದರ್ಭದಲ್ಲಿ ಡೆಹರಾಡೂನಿನ 'ರೂರಲ್ ಲಿಟಿಗೇಷನ್ ಅಂಡ್ ಎನ್‌ಟೈಟಲ್‌ಮೆಂಟ್ ಕೇಂದ್ರ' ಎಂಬ ಸಂಸ್ಥೆ ದೆಹಲಿಯ ಸರ್ವೋಚ್ಚ ನ್ಯಾಯಾಲಯಕ್ಕೆ ಒಂದು ಪತ್ರ ಬರೆಯಿತು. ಅವಧೇಶ ಕೌಶಲ್ ಅವರು ಮುನ್ನಡೆಸುತ್ತಿದ್ದ ಈ ಸಂಸ್ಥೆ ಅದಕ್ಕೆ ಮೊದಲು ಜೌನ್‌ಸಾರ್ ಪ್ರದೇಶದ ಜೀತದಾಳುಗಳ ಬಿಡುಗಡೆಗಾಗಿ ದುಡಿದಿತ್ತು. ಮಸ್ಸೂರಿ-ಡೆಹರಾಡೂನ್ ಪ್ರದೇಶದಲ್ಲಿ ಅಕ್ರಮವಾಗಿ ನಡೆಯುತ್ತಿದ್ದ ಗಣಿಗಾರಿಕೆಯಿಂದ ಪ್ರಕೃತಿಯ ಸಮತೋಲ ಕೆಡುತ್ತಿದೆಯೆಂಬುದು ಪತ್ರದ ತಿರುಳು. 1983ರ ಜುಲೈ 14ರಂದು ನ್ಯಾಯಾಲಯ ಈ ಪತ್ರವನ್ನೇ ರಿಟ್ ಅರ್ಜಿಯೆಂದು ಪರಿಗಣಿಸಿ ವಿಚಾರಣೆಗೆ ಅಂಗೀಕರಿಸಿತು. ಕಪ್ಪುಕೋಟಿನ ವಕೀಲರೂ ಮುದ್ರಾಂಕಿತ ಕಾಗದವೂ ಇಲ್ಲದೆ, ಪ್ರಜೆಯ ಪತ್ರವೊಂದು ದೇಶದ ಅತ್ಯುನ್ನತ ನ್ಯಾಯಪೀಠದ ಬಾಗಿಲನ್ನು ತೆರೆಯಬಹುದೆಂಬ ಪದ್ಧತಿ ಆ ವರ್ಷಗಳಲ್ಲಿ ತಾನೇ ರೂಢಿಗೆ ಬರುತ್ತಿತ್ತು. ಜೀತದವರ ಮತ್ತು ಸೆರೆಯಾಳುಗಳ ಪ್ರಕರಣಗಳಲ್ಲಿ ಬಳಕೆಯಾದ ಆ ಪದ್ಧತಿ ಈಗ ಬೆಟ್ಟ, ತೊರೆಗಳ ರಕ್ಷಣೆಗೂ ಬಂದಿತು.

ನ್ಯಾಯಾಲಯ ಮೊದಲು ತಜ್ಞರ ಅಭಿಪ್ರಾಯವನ್ನು ಕೇಳಿತು. ಭಾರತೀಯ ಗಣಿ ಕೇಂದ್ರದ ಡಿ. ಎನ್. ಭಾರ್ಗವ ಅವರ ನೇತೃತ್ವದ ಸಮಿತಿ ಗಣಿಗಳನ್ನು ಪರಿಶೀಲಿಸಿ, ಹಾನಿಯ ಪ್ರಮಾಣವನ್ನು ಅನುಸರಿಸಿ ಅವುಗಳನ್ನು ಮೂರು ವರ್ಗಗಳಾಗಿ ವಿಂಗಡಿಸಿತು. 1985ರ ಮಾರ್ಚ್ 12ರಂದು ನ್ಯಾಯಮೂರ್ತಿಗಳಾದ ಪಿ. ಎನ್. ಭಗವತಿ, ಎ. ಎನ್. ಸೇನ್ ಮತ್ತು ರಂಗನಾಥ ಮಿಶ್ರ ಅವರು ಮಹತ್ವದ ಆದೇಶವನ್ನು ಹೊರಡಿಸಿದರು. ಅತ್ಯಂತ ಹಾನಿಕರವೆಂದು ಗುರುತಿಸಲಾದ ಗಣಿಗಳೂ ಮಸ್ಸೂರಿ ಪಟ್ಟಣದ ಎಲ್ಲೆಯೊಳಗಿನ ಗಣಿಗಳೂ ಮುಚ್ಚಬೇಕು. ಉಳಿದವುಗಳ ವಿಷಯವನ್ನು ಬಂದ್ಯೋಪಾಧ್ಯಾಯ ಎಂಬ ಹಿರಿಯ ಸರ್ಕಾರಿ ಅಧಿಕಾರಿಯ ಸಮಿತಿ ವಿಚಾರಿಸಬೇಕು ಎಂಬುದು ಅದರ ಸಾರ. ಪರಿಸರದ ಮತ್ತು ಪ್ರಕೃತಿ ಸಮತೋಲದ ಪ್ರಶ್ನೆಯನ್ನು ಒಳಗೊಂಡ ಈ ಬಗೆಯ ಪ್ರಕರಣ ದೇಶದಲ್ಲಿ ಇದೇ ಮೊದಲನೆಯದೆಂದು ನ್ಯಾಯಾಲಯ ತಾನೇ ಹೇಳಿತು. ಗುತ್ತಿಗೆದಾರರಿಗೆ ಕಷ್ಟವಾಗುವುದು ನಿಜವಾದರೂ, ಆರೋಗ್ಯಕರವಾದ ಪರಿಸರದಲ್ಲಿ ಬಾಳುವ ಜನರ ಹಕ್ಕಿನ ರಕ್ಷಣೆಗಾಗಿ ತೆರಬೇಕಾದ ಬೆಲೆ ಅದೆಂಬುದು ನ್ಯಾಯಪೀಠದ ಅಭಿಪ್ರಾಯವಾಗಿತ್ತು.

1986ರ ಡಿಸೆಂಬರಿನ ಆದೇಶದಲ್ಲಿ ನ್ಯಾಯಾಲಯ ಇನ್ನೊಂದು ಮಾತನ್ನು ಸೇರಿಸಿತು. ಪರಿಸರ ರಕ್ಷಣೆ ಸರ್ಕಾರದ ಕೆಲಸ ಮಾತ್ರವಲ್ಲ, ಸಂವಿಧಾನದ 51ಎ ವಿಧಿಯ ಪ್ರಕಾರ ಪ್ರತಿಯೊಬ್ಬ ಪ್ರಜೆಯ ಕರ್ತವ್ಯವೂ ಹೌದು ಎಂದು ಅದು ನೆನಪಿಸಿತು. 1976ರಲ್ಲಿ ಸಂವಿಧಾನಕ್ಕೆ ಸೇರಿದ ಈ ಕರ್ತವ್ಯದ ಪಟ್ಟಿಯನ್ನು ಬಹಳ ಮಂದಿ ಶಾಲೆಯ ಗೋಡೆಯ ಮೇಲೆ ಮಾತ್ರ ಕಂಡಿದ್ದರು.

ನಾಹೀಕಲಾದ ತಾಯಂದಿರು

ದೆಹಲಿಯಲ್ಲಿ ವಿಚಾರಣೆ ನಡೆಯುತ್ತಿದ್ದಾಗಲೂ ಎಲ್ಲ ಗಣಿಗಳು ನಿಂತಿರಲಿಲ್ಲ. ಸಾಂಗ್ ಹೊಳೆಯ ಕಡೆಗೆ ಹರಿಯುವ ಸಿನ್‌ಸ್ಯಾರು ಎಂಬ ಹಳ್ಳದ ಮೇಲ್ಭಾಗದಲ್ಲಿ ನಾಹೀಕಲಾ ಎಂಬ ಹಳ್ಳಿಯಿದೆ. ಅದರ ಸಮೀಪದಲ್ಲಿ 1963ರಿಂದಲೂ ಒಂದು ಸುಣ್ಣದ ಕಲ್ಲಿನ ಗಣಿ ನಡೆಯುತ್ತಿತ್ತು. ಹಿಂದೆ ಬಾಂಜ್, ರಿಂಗಾಲ್ ಮೊದಲಾದ ಗಿಡಮರಗಳಿಂದ ದಟ್ಟವಾಗಿದ್ದ ಕಾಡು ಕ್ರಮವಾಗಿ ಅಳಿದಿತ್ತು. ಹಳ್ಳಕ್ಕೆ ನೀರೂಡುತ್ತಿದ್ದ ಹನ್ನೆರಡು ಒರತೆಗಳು ಬತ್ತಿದ್ದವು. ವರ್ಷವಿಡೀ ಧುಮುಕುತ್ತಿದ್ದ ಒಂದು ಜಲಪಾತ ಕೂಡ ಒಣಗಿತ್ತು. ಮಳೆಗಾಲದ ಕಲ್ಲುಮಣ್ಣಿನ ಪ್ರವಾಹದಲ್ಲಿ ನೀರಿನಿಂದ ತಿರುಗುವ ಬೀಸುವ ಕಲ್ಲಿನ ಗಿರಣಿಗಳೂ ಭತ್ತದ ಗದ್ದೆಗಳೂ ಕೊಚ್ಚಿಹೋಗಿದ್ದವು.

ಬೆಟ್ಟದ ಹಳ್ಳಿಗಳಲ್ಲಿ ನೀರು ತರುವುದು, ಸೌದೆ ಮೇವು ಹೊರುವುದು ಹೆಂಗಸರ ಪಾಲಿನ ಕೆಲಸ. ಒಂದು ಒರತೆ ಬತ್ತಿದರೆ ಅದರ ಅರ್ಥ ಅವರ ಕಾಲುಗಳಿಗೆ ಮೊದಲು ತಿಳಿಯುತ್ತದೆ: ಇನ್ನೊಂದು ಒರತೆಗೆ ಇನ್ನಷ್ಟು ದೂರ ನಡೆಯಬೇಕು. ಆದುದರಿಂದ ಇಲ್ಲಿಯ ಹೋರಾಟದ ಮುಂದಾಳುಗಳು ಹೆಂಗಸರೇ ಆದರು. ಅವರಲ್ಲಿ ಇತ್ವಾರಿ ದೇವಿಯವರ ಹೆಸರು ಪ್ರಸಿದ್ಧವಾಗಿದೆ. ಗಢವಾಲದ ಚಿಪ್ಕೊ ಚಳವಳಿಯ ಕಾರ್ಯಕರ್ತರು ಅವರೊಡನೆ ಕೂಡಿಕೊಂಡರು. 1986ರ ಸೆಪ್ಟೆಂಬರ್ 16ರಂದು ಹಳ್ಳಿಗರು ಗಣಿಯ ದಾರಿಗೆ ಅಡ್ಡವಾಗಿ ಬೀಡುಬಿಟ್ಟು ಸತ್ಯಾಗ್ರಹವನ್ನು ಆರಂಭಿಸಿದರು. ಹಿಂದೆ ಮರಗಳನ್ನು ಅಪ್ಪಿಕೊಂಡು ಕೊಡಲಿಯನ್ನು ತಡೆದ ಚಳವಳಿ ಇಲ್ಲಿ ಬೆಟ್ಟವನ್ನೇ ಅಪ್ಪಿಕೊಂಡು ನಿಂತಿತೆನ್ನಬಹುದು. ಚಳಿಗಾಲ ಬಂದಿತು, ಬೀಡು ಕದಲಲಿಲ್ಲ. 1987ರ ಮಾರ್ಚ್ 20ರಂದು ಬಾಡಿಗೆಯ ಬಂಟರು ಕಲ್ಲು ಮತ್ತು ಕಬ್ಬಿಣದ ಸಲಾಕೆಗಳೊಡನೆ ಸತ್ಯಾಗ್ರಹಿಗಳ ಮೇಲೆ ಬಿದ್ದರು. ಹೆಂಗಸರೂ ಮಕ್ಕಳೂ ಪೆಟ್ಟು ತಿಂದರು. ಆದರೂ ಅವರು ದಾರಿಯನ್ನು ಬಿಟ್ಟುಕೊಡಲಿಲ್ಲ.

ನಗರದ ನಿವೃತ್ತ ಅಧಿಕಾರಿಯ ಲೇಖನಿಗೂ ಹಳ್ಳಿಯ ತಾಯಿಯ ಬೀಡಿಗೂ ಬಹಳ ಅಂತರವುಂಟು. ಒಬ್ಬರಿಗೆ ಕಾನೂನಿನ ಭಾಷೆ ಗೊತ್ತಿತ್ತು. ಇನ್ನೊಬ್ಬರಿಗೆ ಒರತೆಯ ನಡೆ ಗೊತ್ತಿತ್ತು. ಈ ಎರಡು ತಿಳಿವಳಿಕೆಗಳಿಗೂ ತಜ್ಞರ ಅಧ್ಯಯನ ಸೇರಿದುದರಿಂದಲೇ ಡೂನ್ ಕಣಿವೆಯ ಪ್ರಯತ್ನ ಫಲಿಸಿತು. ಪತ್ರ ಮಾತ್ರ ಇದ್ದಿದ್ದರೆ ಅದು ಕಡತದಲ್ಲಿ ಉಳಿಯಬಹುದಾಗಿತ್ತು. ಬೀಡು ಮಾತ್ರ ಇದ್ದಿದ್ದರೆ ಸಲಾಕೆಗಳು ಅದನ್ನು ಮುರಿಯಬಹುದಾಗಿತ್ತು.

ಕೊನೆಯ ತೀರ್ಪು

1988ರ ಆಗಸ್ಟ್ 30ರಂದು ಸರ್ವೋಚ್ಚ ನ್ಯಾಯಾಲಯ ಅಂತಿಮ ನಿರ್ಣಯವನ್ನು ನೀಡಿತು. ಕಣಿವೆಯ ಸುಣ್ಣದ ಕಲ್ಲಿನ ಗಣಿಗಾರಿಕೆ ನಿಲ್ಲಬೇಕೆಂಬ ನಿಲುವನ್ನು ಅದು ತಳೆಯಿತು. ಮೂರು ಗಣಿಗಳ ಹೊರತು ಉಳಿದವೆಲ್ಲ ಮುಚ್ಚಿದವು. ಗಾಯಗೊಂಡ ಇಳಿಜಾರುಗಳಲ್ಲಿ ಮತ್ತೆ ಕಾಡು ಬೆಳೆಸುವ ಕಾರ್ಯದ ಮೇಲ್ವಿಚಾರಣೆಗೆ ಸಮಿತಿಯೂ ನೇಮಕವಾಯಿತು. 1989ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ 1986ರ ಪರಿಸರ ಸಂರಕ್ಷಣಾ ಕಾಯಿದೆಯ ಬಲದಿಂದ ಡೂನ್ ಕಣಿವೆಯಲ್ಲಿ ಗಣಿ, ಕೈಗಾರಿಕೆ ಮೊದಲಾದವುಗಳಿಗೆ ಮಿತಿ ಹಾಕುವ ವಿಶೇಷ ಅಧಿಸೂಚನೆಯನ್ನು ಹೊರಡಿಸಿತು.

ಈ ಪ್ರಕರಣದ ಹಾದಿಯಲ್ಲಿ ಬೇರೆ ಪ್ರಕರಣಗಳೂ ಬಂದವು. ಕಾನ್ಪುರದ ಚರ್ಮ ಹದಮಾಡುವ ಕಾರ್ಖಾನೆಗಳ ಕೊಳೆ ನೀರು ಗಂಗೆಯನ್ನು ಸೇರುವುದನ್ನು ತಡೆಯುವ ಆದೇಶ 1987ರ ಸೆಪ್ಟೆಂಬರಿನಲ್ಲಿ ಹೊರಬಿದ್ದಿತು. ಅದನ್ನು ನೀಡಿದ ಪೀಠದಲ್ಲಿ ಮಂಡ್ಯ ಜಿಲ್ಲೆಯವರಾದ ನ್ಯಾಯಮೂರ್ತಿ ಇ. ಎಸ್. ವೆಂಕಟರಾಮಯ್ಯನವರಿದ್ದರೆಂಬುದು ಕನ್ನಡಿಗರಿಗೆ ಅಭಿಮಾನದ ಸಂಗತಿ. ಚಿಪ್ಕೊ ಚಳವಳಿಯ ಪ್ರೇರಣೆಯಿಂದ 1983ರ ಸೆಪ್ಟೆಂಬರಿನಲ್ಲಿ ಶಿರಸಿಯ ಬಳಿಯ ಸಾಲ್ಕಣಿಯಲ್ಲಿ 'ಅಪ್ಪಿಕೊ' ಹುಟ್ಟಿತ್ತು. ಮುಂದೆ 2002ರಲ್ಲಿ, ಭದ್ರಾ ನದಿಯ ಮೇಲ್ಭಾಗದ ಕುದುರೆಮುಖದಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆ ನಿಲ್ಲಬೇಕೆಂದು ಇದೇ ಸರ್ವೋಚ್ಚ ನ್ಯಾಯಾಲಯ ಆದೇಶಿಸಿತು. 2005ರ ಕೊನೆಗೆ ಅದು ನಿಂತಿತು. ಉತ್ತರದ ಬೆಟ್ಟದಲ್ಲಿ ಗಟ್ಟಿಯಾದ ಒಂದು ತತ್ತ್ವ ದಕ್ಷಿಣದ ನದಿಗೂ ನೆರವಾದ ಬಗೆ ಇದು.

ಕೂಲಿಕಾರರ ಪ್ರಶ್ನೆ

ಈ ಇತಿಹಾಸವನ್ನು ಬರೆಯುವವರು ಒಂದು ವಿಷಯವನ್ನು ಮರೆಮಾಡಬಾರದು. ಗಣಿಗಳು ಮುಚ್ಚಿದಾಗ ಒಡೆಯರಿಗೆ ಲಾಭ ತಪ್ಪಿತು. ಕಲ್ಲೊಡೆಯುವವರಿಗೆ, ಲಾರಿ ತುಂಬುವವರಿಗೆ ಅಂದಿನ ಅನ್ನವೇ ತಪ್ಪಿತು. ನೀರಿಲ್ಲದೆ ಬದುಕಿಲ್ಲವೆಂದು ಹಳ್ಳಿಯ ತಾಯಿ ಹೇಳುವುದು ಎಷ್ಟು ಸತ್ಯವೋ, ಕೂಲಿಯಿಲ್ಲದೆ ಒಲೆ ಉರಿಯುವುದಿಲ್ಲವೆಂದು ಕೂಲಿಕಾರನ ಹೆಂಡತಿ ಹೇಳುವುದೂ ಅಷ್ಟೇ ಸತ್ಯ. ಇದನ್ನು ನ್ಯಾಯಾಲಯವೂ ಅರಿತಿತ್ತು. ಕೆಲಸ ಕಳೆದುಕೊಂಡವರಿಗೆ ಬೆಟ್ಟಗಳ ದುರಸ್ತಿ, ಗಿಡ ನೆಡುವುದು, ಮಣ್ಣಿನ ರಕ್ಷಣೆ ಈ ಕಾರ್ಯಗಳಲ್ಲಿ ಸಾಧ್ಯವಾದಷ್ಟು ಮಟ್ಟಿಗೆ ಉದ್ಯೋಗ ಕೊಡಬೇಕೆಂದು 1985ರ ಆದೇಶದಲ್ಲಿಯೇ ಸೂಚಿಸಿತ್ತು. ಬೆಟ್ಟವನ್ನು ಒಡೆದ ಕೈಗಳಿಂದಲೇ ಬೆಟ್ಟವನ್ನು ಕಟ್ಟಿಸುವ ಈ ವಿಚಾರ ಉದಾತ್ತವಾದುದು. ಆದರೆ ಮುಚ್ಚುವ ಆದೇಶ ಒಂದು ದಿನದಲ್ಲಿ ಜಾರಿಯಾಗುತ್ತದೆ. ಗಿಡ ಬೆಳೆಯಲು ವರ್ಷಗಳು ಬೇಕು. ಆ ನಡುವಿನ ಕಾಲದ ಹೊರೆಯನ್ನು ಬಡವನ ಹೆಗಲ ಮೇಲೆಯೇ ಬಿಡದಂತೆ ನೋಡಿಕೊಳ್ಳುವುದು ನೀರನ್ನು ಉಳಿಸಲು ಹೊರಟವರ ಧರ್ಮವೂ ಹೌದು. ಹಾಗಿಲ್ಲದಿದ್ದರೆ, ನೀರಿನ ಹೋರಾಟ ಉಳ್ಳವರ ಹೋರಾಟವೆಂಬ ಅಪವಾದಕ್ಕೆ ಗುರಿಯಾಗುತ್ತದೆ.

ಗೆದ್ದ ಮೇಲಿನ ಸೋಲು

ಗಣಿಗಳು ನಿಂತ ಮೇಲೆ ಕಾಲ ತನ್ನ ಕೆಲಸ ಮಾಡಿತು. ಪರಿಸರ ಪಡೆಯ ಮಾಜಿ ಸೈನಿಕರು ನೆಟ್ಟ ಗಿಡಗಳೂ ತಾನಾಗಿ ಚಿಗುರಿದ ಪೊದೆಗಳೂ ಬಿಳಿಯ ಗಾಯಗಳನ್ನು ಹಸಿರಿನಿಂದ ಮುಚ್ಚಿದವು. ಆದರೆ 2000ದ ನವೆಂಬರ್ 9ರಂದು ಹೊಸ ರಾಜ್ಯ ಸ್ಥಾಪನೆಯಾಗಿ ಡೆಹರಾಡೂನ್ ಅದರ ರಾಜಧಾನಿಯಾದಾಗ, ಬೆಟ್ಟದ ಮೇಲಿನಿಂದ ಬರುತ್ತಿದ್ದ ಅಪಾಯ ಕಣಿವೆಯ ಒಳಗಿನಿಂದಲೇ ಬಂದಿತು. ಕಚೇರಿಗಳು, ಬಡಾವಣೆಗಳು, ರಸ್ತೆಗಳು ಗದ್ದೆತೋಟಗಳ ಮೇಲೆ ಹಬ್ಬಿದವು. ಹಳೆಯ ಕಾಲುವೆಗಳನ್ನು ಎಷ್ಟೋ ಕಡೆ ಮುಚ್ಚಿ ರಸ್ತೆ ಮಾಡಿದರು. ರಿಸ್ಪನಾ ಮತ್ತು ಬಿಂದಾಲ್ ತೊರೆಗಳ ದಂಡೆಗಳನ್ನು ಮನೆಗಳು ಒತ್ತಿದವು. ರಾಣಿ ಕರ್ಣಾವತಿಯ ಕಾಲುವೆಗೆ ನೀರು ಕೊಟ್ಟ ತೊರೆ ಊರಿನ ಕೊಚ್ಚೆಯನ್ನು ಹೊರುವ ಕಾಲುವೆಯಾಯಿತು. ಬೆಟ್ಟದ ಒರತೆಯನ್ನು ಗಣಿಯಿಂದ ಉಳಿಸಿಕೊಂಡ ನಗರ, ತನ್ನ ಅಂಗಳದ ತೊರೆಯನ್ನು ತನ್ನಿಂದಲೇ ಉಳಿಸಿಕೊಳ್ಳಲಾರದೆ ಹೋಯಿತು.

ಇದರ ಕಾರಣವನ್ನು ಯೋಚಿಸುವುದು ಅವಶ್ಯ. ಗಣಿಯ ವಿರುದ್ಧ ಹೋರಾಡುವಾಗ ಎದುರಾಳಿ ಯಾರೆಂಬುದು ಸ್ಪಷ್ಟವಿತ್ತು: ಮದ್ದಿನ ಸದ್ದು, ಲಾರಿಗಳ ಸಾಲು ಎಲ್ಲರ ಕಣ್ಣಿಗೂ ಕಿವಿಗೂ ಎದುರಾಗಿ ನಿಂತಿದ್ದವು. ತೊರೆಯ ದಂಡೆಯ ಮೇಲೆ ಒಬ್ಬನು ಗೋಡೆ ಎಬ್ಬಿಸಿದಾಗ, ಇನ್ನೊಬ್ಬನು ಮನೆಯ ಕೊಳವೆಯನ್ನು ತೊರೆಗೆ ತಿರುಗಿಸಿದಾಗ ಸದ್ದಾಗುವುದಿಲ್ಲ. ಹನಿಹನಿ ಕೂಡಿ ಹಳ್ಳವಾಗುವಂತೆಯೇ ಸಣ್ಣ ಅಪರಾಧಗಳು ಕೂಡಿ ಹಳ್ಳದ ಸಾವಾಗುತ್ತದೆ. ಆ ಅಪರಾಧದಲ್ಲಿ ನಮ್ಮ ಪಾಲೂ ಇರುವುದರಿಂದ ಅದರ ವಿರುದ್ಧ ಪತ್ರ ಬರೆಯುವ ಕೈ ಹಿಂಜರಿಯುತ್ತದೆ. ನ್ಯಾಯಾಲಯ ಒಂದು ಗಣಿಯನ್ನು ಮುಚ್ಚಿಸಬಲ್ಲುದು. ಪ್ರತಿಯೊಂದು ಮನೆಯ ಬಚ್ಚಲಿಗೆ ಕಾವಲು ನಿಲ್ಲಿಸಲಾರದು.

ಉಪಸಂಹಾರ

ಡೂನ್ ಕಣಿವೆಯ ಈ ವೃತ್ತಾಂತದಿಂದ ನಾವು ತಿಳಿಯಬೇಕಾದುದು ಮುಖ್ಯವಾಗಿ ಎರಡು ಸಂಗತಿಗಳು. ನೀರಿನ ಮೂಲ ಎಲ್ಲಿದೆ, ಅದು ಯಾವ ದಾರಿಯಿಂದ ನಮ್ಮ ಕೊಡಕ್ಕೆ ಬರುತ್ತದೆ ಎಂಬುದನ್ನು ಆ ಊರಿನ ಜನ ಮೊದಲು ಅರಿತಿರಬೇಕು. ಅರಿಯದವರು ಅದನ್ನು ಕಾಯಲಾರರು. ನಾಹೀಕಲಾದ ಹೆಂಗಸರಿಗೆ ಬತ್ತಿದ ಪ್ರತಿಯೊಂದು ಒರತೆಯೂ ಗೊತ್ತಿದ್ದುದರಿಂದಲೇ ಅವರ ಸಾಕ್ಷ್ಯಕ್ಕೆ ತೂಕ ಬಂದಿತು. ಇನ್ನು, ತಡವಾಗುವ ಮುನ್ನ ಮಾತಾಡಬೇಕು. 1962ರಲ್ಲಿ ಕೊಟ್ಟ ಗುತ್ತಿಗೆಯ ವಿರುದ್ಧದ ತೀರ್ಪು 1988ರಲ್ಲಿ ಪೂರ್ತಿಯಾಯಿತು; ಆ 26 ವರ್ಷಗಳಲ್ಲಿ ಲಾರಿಯೇರಿ ಹೋದ ಕಲ್ಲನ್ನು ಯಾವ ತೀರ್ಪೂ ಬೆಟ್ಟಕ್ಕೆ ಮರಳಿಸಲಾರದು. ಕೋಟೆ ಸೂರೆಹೋದ ಮೇಲೆ ದಿಡ್ಡಿಬಾಗಿಲು ಹಾಕುವ ಜಾಣತನ ನೀರಿನ ವಿಷಯದಲ್ಲಿ ಅತ್ಯಂತ ದುಬಾರಿಯಾದುದು.

ನಮ್ಮ ಊರುಗಳಲ್ಲಿಯೂ ಒಂದು ಕಾಲಕ್ಕೆ ವರ್ಷವಿಡೀ ಹರಿದ ಹಳ್ಳಗಳಿದ್ದವೆಂದು ವೃದ್ಧರು ಹೇಳುವುದನ್ನು ಕೇಳುತ್ತೇವೆ. ಅವು ಎಲ್ಲಿ ಹುಟ್ಟುತ್ತಿದ್ದವು, ಯಾವ ಗುಡ್ಡದ ಯಾವ ಬಂಡೆಯಡಿಯಲ್ಲಿ ಜಿನುಗುತ್ತಿದ್ದವು ಎಂಬುದನ್ನು ಬಲ್ಲವರು ಪ್ರತಿ ಊರಿನಲ್ಲಿಯೂ ಇಬ್ಬರೋ ಮೂವರೋ ಉಳಿದಿದ್ದಾರು. ಅವರು ನಮ್ಮ ನಡುವೆ ಇರುವಾಗಲೇ ಅವರನ್ನು ಮುಂದಿಟ್ಟುಕೊಂಡು ಮಕ್ಕಳೊಡನೆ ಆ ಗುಡ್ಡವನ್ನು ಒಮ್ಮೆ ಹತ್ತಿ, ಆ ನೆಲೆಯನ್ನು ಕಣ್ಣಾರೆ ಕಂಡು, ಊರಿನ ಪುಸ್ತಕದಲ್ಲಿ ಬರೆದಿಡುವುದು ದೊಡ್ಡ ಖರ್ಚಿನ ಕೆಲಸವಲ್ಲ. ಮುಂದೆ ಎಂದಾದರೊಂದು ದಿನ ಪತ್ರ ಬರೆಯಬೇಕಾಗಿ ಬಂದಾಗ, ಅದರ ಮೊದಲ ಸಾಲು ಆ ಪುಸ್ತಕದಲ್ಲಿಯೇ ಸಿದ್ಧವಾಗಿರುತ್ತದೆ.